ರಸಾಯನಶಾಸ್ತ್ರವನ್ನು ಮೊದಲಿನಿಂದ ಕಲಿಯಲು ಯಾವ ಪುಸ್ತಕಗಳು?

ಪ್ರಶ್ನೆ: ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡಿ ಉತ್ತೀರ್ಣನಾದವನು ನಾನು. ಈಗ ಬೇರೆ ವೃತ್ತಿಯಲ್ಲಿದ್ದೇನೆ. ವಿಷಯವನ್ನು ನಿಜವಾಗಿ ಅರ್ಥ ಮಾಡಿಕೊಳ್ಳಬೇಕೆಂಬ ಆಸೆಯಿಂದ ಅಟ್ಕಿನ್ಸ್ ಅವರ ‘ಫಿಸಿಕಲ್ ಕೆಮಿಸ್ಟ್ರಿ’ ಕೊಂಡೆ, ಎಂಟ್ರೊಪಿಯ ಅಧ್ಯಾಯಕ್ಕೆ ಬಂದು ನಿಂತುಬಿಟ್ಟೆ. ಆಮೇಲೆ ಧಾತುಗಳ ಬಗೆಗಿನ ಜನಪ್ರಿಯ ಪುಸ್ತಕಗಳನ್ನು ಓದಿದೆ. ಖುಷಿಯಾಯಿತು, ಆದರೆ ಒಂದು ಲೆಕ್ಕವನ್ನೂ ಬಿಡಿಸಲು ಬರಲಿಲ್ಲ. ಯಾವ ಪುಸ್ತಕದಿಂದ ಆರಂಭಿಸಲಿ, ಯಾವ ಕ್ರಮದಲ್ಲಿ ಮುಂದುವರಿಯಲಿ, ಗಣಿತ ಎಷ್ಟು ಬೇಕು? ಹಳೆಯ ಆವೃತ್ತಿಗಳು ನಡೆಯುತ್ತವೆಯೇ?

ಉತ್ತರ: ನೀವು ಕೊಂಡ ಪುಸ್ತಕದಲ್ಲಿ ದೋಷವಿಲ್ಲ, ನಿಮ್ಮ ಗ್ರಹಿಕೆಯಲ್ಲೂ ಇಲ್ಲ. ಸಾಮಾನ್ಯ ರಸಾಯನಶಾಸ್ತ್ರವನ್ನು ಒಂದು ವರ್ಷ ಓದಿ, ಕಲನಶಾಸ್ತ್ರವನ್ನೂ ಒಂದಿಷ್ಟು ಅಭ್ಯಾಸ ಮಾಡಿ ಬರುವ ವಿದ್ಯಾರ್ಥಿಗಾಗಿ ಬರೆದ ಪುಸ್ತಕ ಅದು. ಜನಪ್ರಿಯ ಪುಸ್ತಕಗಳಿಂದ ಲೆಕ್ಕ ಬರಲಿಲ್ಲವೆಂದು ಬೇಸರಪಡುವುದೂ ಬೇಡ, ಅವು ಅದಕ್ಕೆಂದು ಬರೆದವುಗಳಲ್ಲ. ಈ ವಿಷಯದಲ್ಲಿ ಕುಳಿತು ಓದುವ ಪುಸ್ತಕಗಳು ಕೆಲವು, ಪೆನ್ಸಿಲ್ ಹಿಡಿದು ಬಿಡಿಸುವ ಪುಸ್ತಕಗಳು ಕೆಲವು, ಬೇಕಾದಾಗ ಮಾತ್ರ ತೆರೆದು ನೋಡುವ ಪುಸ್ತಕಗಳು ಇನ್ನು ಕೆಲವು. ಒಂದು ಬಗೆಯದರಿಂದ ಇನ್ನೊಂದು ಬಗೆಯದರ ಕೆಲಸ ಮಾಡಿಸಲು ಹೋದಾಗಲೇ ಸ್ವಂತವಾಗಿ ಕಲಿಯುವವರು ಅರ್ಧದಲ್ಲಿ ನಿಲ್ಲುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಆದ್ದರಿಂದ ಹೆಸರುಗಳ ಜೊತೆಗೆ ಯಾವ ಪುಸ್ತಕವನ್ನು ಹೇಗೆ ಬಳಸಬೇಕೆಂಬುದನ್ನೂ ಹೇಳುತ್ತೇನೆ.

ಮೊದಲ ವಾರಕ್ಕೆ ಒಂದು ತೆಳ್ಳನೆಯ ಪುಸ್ತಕ ಸಾಕು. ಮೈಕೆಲ್ ಫ್ಯಾರಡೆಯವರ ‘ದಿ ಕೆಮಿಕಲ್ ಹಿಸ್ಟರಿ ಆಫ್ ಎ ಕ್ಯಾಂಡಲ್’ ಎಂಬುದು 1860–61ರ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಅವರು ನೀಡಿದ ಆರು ಉಪನ್ಯಾಸಗಳ ಬರಹರೂಪ. ವಿಲಿಯಂ ಕ್ರೂಕ್ಸ್ ಅವರ ಸಂಪಾದಕತ್ವದಲ್ಲಿ ಅದು 1861ರಲ್ಲಿ ಅಚ್ಚಾಯಿತು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಬಾಗಿದ ಗಾಜಿನ ಕೊಳವೆಯ ಒಂದು ತುದಿಯನ್ನು ಮೇಣದಬತ್ತಿಯ ಜ್ವಾಲೆಯ ನಡುಭಾಗದಲ್ಲಿ ಹಿಡಿದರೆ ಅಲ್ಲಿರುವ ಆವಿ ಕೊಳವೆಯೊಳಗೆ ಹರಿದುಬರುತ್ತದೆ, ಇನ್ನೊಂದು ತುದಿಯಲ್ಲಿ ಅದಕ್ಕೆ ಕಿಡಿ ತಾಗಿಸಿದರೆ ಅಲ್ಲೂ ಉರಿಯುತ್ತದೆ. ಉರಿಯುತ್ತಿರುವುದು ಘನ ಮೇಣವಲ್ಲ, ಬಿಸಿಗೆ ಕರಗಿ, ಬತ್ತಿಯಲ್ಲಿ ಮೇಲೇರಿ, ಆವಿಯಾದ ಮೇಣ ಎಂಬುದನ್ನು ಫ್ಯಾರಡೆ ಹೇಳಿ ಒಪ್ಪಿಸುವುದಿಲ್ಲ, ತೋರಿಸಿ ಒಪ್ಪಿಸುತ್ತಾರೆ. ಬಳಿಕ ತಣ್ಣನೆಯ ಪಾತ್ರೆಯೊಂದನ್ನು ಜ್ವಾಲೆಯ ಮೇಲೆ ಹಿಡಿದು, ಅದರ ತಳದಲ್ಲಿ ಕಟ್ಟಿಕೊಳ್ಳುವ ಹನಿಗಳು ನೀರೇ ಎಂದು ಪರೀಕ್ಷೆಯಿಂದ ಸಾಬೀತುಪಡಿಸುತ್ತಾರೆ. ಪುಸ್ತಕದ ಬೈಂಡಿಂಗ್ ಕೆಲಸ ಕಲಿಯುತ್ತಿದ್ದ ಹುಡುಗನಾಗಿದ್ದಾಗ ಜೇನ್ ಮಾರ್ಸೆಟ್ ಅವರ ‘ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ’ ಓದಿ ಈ ವಿಷಯದತ್ತ ಒಲಿದವರು ಫ್ಯಾರಡೆ. ಕಲಿಯುವವನು ಎಲ್ಲಿ ಎಡವುತ್ತಾನೆಂಬ ಅರಿವು ಅವರ ವಾಕ್ಯವಾಕ್ಯದಲ್ಲೂ ಇರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಈಗ ಅದೇ ಮೇಣದಬತ್ತಿಯನ್ನು ಲೆಕ್ಕದ ಹಾಳೆಗೆ ತರೋಣ, ಓದುವುದಕ್ಕೂ ಬಿಡಿಸುವುದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ. ಮೇಣ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಲೆಕ್ಕಕ್ಕಾಗಿ 25 ಕಾರ್ಬನ್ ಮತ್ತು 52 ಹೈಡ್ರೋಜನ್ ಪರಮಾಣುಗಳಿರುವ ಅಣುವೊಂದನ್ನು ತೆಗೆದುಕೊಳ್ಳಿ. ಅದು ಪೂರ್ತಿಯಾಗಿ ಉರಿದರೆ 25 ಕಾರ್ಬನ್ ಡೈಆಕ್ಸೈಡ್ ಅಣುಗಳೂ 26 ನೀರಿನ ಅಣುಗಳೂ ಆಗಬೇಕು. ಅವುಗಳಲ್ಲಿರುವ ಆಕ್ಸಿಜನ್ ಪರಮಾಣುಗಳು ಕ್ರಮವಾಗಿ 50 ಮತ್ತು 26, ಒಟ್ಟು 76. ಆದ್ದರಿಂದ ಗಾಳಿಯಿಂದ 38 ಆಕ್ಸಿಜನ್ ಅಣುಗಳು ಬೇಕು. ಈ ಮೇಣದ ಒಂದು ಮೋಲ್ (ಅಂದರೆ ಸುಮಾರು 6.022 × 10ರ 23ನೆಯ ಘಾತದಷ್ಟು ಅಣುಗಳು) ಸುಮಾರು 352.7 ಗ್ರಾಂ ತೂಗುತ್ತದೆ, 26 ಮೋಲ್ ನೀರು ಸುಮಾರು 468.4 ಗ್ರಾಂ ತೂಗುತ್ತದೆ. ಭಾಗಿಸಿದರೆ 1 ಗ್ರಾಂ ಮೇಣ ಉರಿದಾಗ 1.33 ಗ್ರಾಂ ನೀರು ಹುಟ್ಟುತ್ತದೆ. ಉರಿದ ಮೇಣಕ್ಕಿಂತ ಹುಟ್ಟಿದ ನೀರೇ ಹೆಚ್ಚು! ಜೊತೆಗೆ 3.12 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬೇರೆ. ಒಟ್ಟು 4.45 ಗ್ರಾಂ ಆಯಿತಲ್ಲ, ಉಳಿದ 3.45 ಗ್ರಾಂ ಎಲ್ಲಿಂದ ಬಂತೆಂದು ಕೇಳಿಕೊಂಡು, 38 ಮೋಲ್ ಆಕ್ಸಿಜನ್ನಿನ ತೂಕವನ್ನು 352.7ರಿಂದ ಭಾಗಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ. ಫ್ಯಾರಡೆಯವರ ಪುಸ್ತಕವನ್ನು ಹತ್ತು ಸಲ ಓದಿದರೂ ಈ ಸಂಖ್ಯೆಗಳು ಸಿಗುವುದಿಲ್ಲ. ಹಾಗೆಯೇ ಈ ಸಂಖ್ಯೆಗಳನ್ನಷ್ಟೇ ಬಿಡಿಸಿದವನಿಗೆ ಪಾತ್ರೆಯ ತಳದಲ್ಲಿ ಕಟ್ಟಿದ ಹನಿ ಕಾಣುವುದಿಲ್ಲ. ಎರಡೂ ಬೇಕು, ಆದರೆ ನಿಮಗೆ ಸದ್ಯ ಕೊರತೆಯಾಗಿರುವುದು ಲೆಕ್ಕ ಬಿಡಿಸುವ ಅಭ್ಯಾಸ.

ಅದಕ್ಕೆ ಬೇಕಾದುದು ಸಾಮಾನ್ಯ ರಸಾಯನಶಾಸ್ತ್ರದ ಒಂದು ಪಠ್ಯಪುಸ್ತಕ. ಒಂದೇ ಒಂದು, ಮೂರಲ್ಲ. ಓಪನ್‌ಸ್ಟ್ಯಾಕ್ಸ್ ಯೋಜನೆಯು ಪ್ರಕಟಿಸಿರುವ ‘ಕೆಮಿಸ್ಟ್ರಿ’ಯ ಎರಡನೆಯ ಆವೃತ್ತಿಯನ್ನು ನಾನು ಮೊದಲು ಸೂಚಿಸುತ್ತೇನೆ. ಅದು ಉಚಿತ, ಭಾಷೆ ಸರಳ, 21 ಅಧ್ಯಾಯಗಳ ಕ್ರಮವೂ ಸುಸಂಬದ್ಧ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಪರಮಾಣು, ಮೋಲ್, ದ್ರಾವಣಗಳ ಸಾಂದ್ರತೆ ಹಾಗೂ ಸಮೀಕರಣಗಳ ಲೆಕ್ಕ ಮುಗಿಯುತ್ತವೆ, ಅಷ್ಟನ್ನು ಗಟ್ಟಿ ಮಾಡಿಕೊಳ್ಳದೆ ಐದನೆಯದಕ್ಕೆ ಹೋಗಬೇಡಿ. ಮುದ್ರಿತ ಪುಸ್ತಕವೇ ಬೇಕೆನ್ನುವವರಿಗೆ ಜುಮ್ದಾಲ್ ಅವರ ‘ಕೆಮಿಸ್ಟ್ರಿ’ ಒಳ್ಳೆಯದು. ಸೂತ್ರವನ್ನು ಕೊಟ್ಟು ಸಂಖ್ಯೆ ತುಂಬಿಸುವ ಬದಲು, ಯೋಚಿಸಿ ದಾರಿ ಹುಡುಕುವಂತೆ ಅದು ಮಾಡುತ್ತದೆ. ಅಟ್ಕಿನ್ಸ್ ಮತ್ತು ಜೋನ್ಸ್ ಅವರ ‘ಕೆಮಿಕಲ್ ಪ್ರಿನ್ಸಿಪಲ್ಸ್’ ಇನ್ನೂ ಒಂದು ಮೆಟ್ಟಿಲು ಮೇಲಿನದು. ಗಣಿತಕ್ಕೆ ಅಂಜದವರು ನೇರವಾಗಿ ಅದನ್ನೇ ಹಿಡಿಯಬಹುದು. ಲೈನಸ್ ಪಾಲಿಂಗ್ ಅವರ ‘ಜನರಲ್ ಕೆಮಿಸ್ಟ್ರಿ’ ಮೊದಲು 1947ರಲ್ಲಿ ಬಂದದ್ದು, 1970ರ ಆವೃತ್ತಿಯ ಮರುಮುದ್ರಣ ಇಂದಿಗೂ ದೊರೆಯುತ್ತದೆ. ಗುಣಗಳನ್ನು ಅಣುಗಳ ರಚನೆಯಿಂದಲೇ ವಿವರಿಸುವ ಅದರ ಕ್ರಮ ನನಗೆ ಇಂದಿಗೂ ಇಷ್ಟ, ಆದರೆ ಅದು ಎರಡನೆಯ ಸಲ ಓದುವವರ ಪುಸ್ತಕ. ಪರೀಕ್ಷಾ ಸಿದ್ಧತೆಯ ಪ್ರಶ್ನೋತ್ತರ ಸಂಕಲನಗಳನ್ನು ಈ ಹಂತದಲ್ಲಿ ಮುಟ್ಟದಿರುವುದೇ ಲೇಸು, ಬಾಯಿಪಾಠದ ಹಳೆಯ ಚಾಳಿ ಅವುಗಳಿಂದಲೇ ಮತ್ತೆ ಅಂಟಿಕೊಳ್ಳುತ್ತದೆ.

ನಾನು ಹೆಸರಿಸದ ಪುಸ್ತಕವೊಂದು ನಿಮ್ಮ ಕೈಗೆ ಬಂದರೆ ಅದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಬಳಸುವ ಒಂದು ಪರೀಕ್ಷೆಯಿದೆ: ರಾಸಾಯನಿಕ ಸಮತೋಲನದ (ಮುಂದಿನ ಮತ್ತು ಹಿಂದಿನ ಕ್ರಿಯೆಗಳು ಒಂದೇ ವೇಗದಲ್ಲಿ ನಡೆಯುವ ಸ್ಥಿತಿಯ) ಅಧ್ಯಾಯವನ್ನು ತೆರೆದು ನೋಡುವುದು. ಮುಚ್ಚಿದ ಪಾತ್ರೆಯೊಂದರಲ್ಲಿ ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಮತ್ತು ಕಂದುಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಸಮತೋಲನದಲ್ಲಿವೆ ಎಂದುಕೊಳ್ಳಿ, ಮೊದಲನೆಯದರ ಒಂದು ಅಣು ಒಡೆದರೆ ಎರಡನೆಯದರ ಎರಡು ಅಣುಗಳಾಗುತ್ತವೆ. ಒತ್ತಡ ಹೆಚ್ಚಿದರೆ ಸಮತೋಲನವು ಅಣುಗಳ ಸಂಖ್ಯೆ ಕಡಿಮೆಯಿರುವ ಕಡೆಗೆ ಸರಿಯುತ್ತದೆ ಎಂಬ ಲೆ ಷಾಟೆಲಿಯೆ ನಿಯಮವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಈಗ ಪಾತ್ರೆಯ ಗಾತ್ರವನ್ನು ಬದಲಿಸದೆ ಅದರೊಳಗೆ ಆರ್ಗಾನ್ ಅನಿಲವನ್ನು ತುಂಬಿದರೆ ಏನಾಗುತ್ತದೆ? ಒಟ್ಟು ಒತ್ತಡ ಹೆಚ್ಚಿತು, ಆದ್ದರಿಂದ ಕಂದುಬಣ್ಣ ಕಡಿಮೆಯಾಗಬೇಕು ಎಂದು ನಿಯಮವನ್ನು ಬಾಯಿಪಾಠ ಮಾಡಿದವನು ಉತ್ತರಿಸುತ್ತಾನೆ. ಅದು ತಪ್ಪು. ಆ ಎರಡು ಅನಿಲಗಳ ಆಂಶಿಕ ಒತ್ತಡಗಳು (ಒಟ್ಟು ಒತ್ತಡದಲ್ಲಿ ಒಂದೊಂದು ಅನಿಲದ ಪಾಲು) ಮೊದಲಿದ್ದಷ್ಟೇ ಇರುವುದರಿಂದ ಸಮತೋಲನ ಕದಲುವುದೇ ಇಲ್ಲ. ಒಟ್ಟು ಒತ್ತಡವನ್ನು ಹಾಗೆಯೇ ಇರಿಸಿ, ಪಾತ್ರೆ ಹಿಗ್ಗಲು ಅವಕಾಶ ಕೊಟ್ಟು ಆರ್ಗಾನ್ ಸೇರಿಸಿದರೆ ಮಾತ್ರ ಆಂಶಿಕ ಒತ್ತಡಗಳು ಇಳಿದು, ಹೆಚ್ಚು ಅಣುಗಳಿರುವ ಕಂದು ಅನಿಲದ ಕಡೆಗೆ ಕ್ರಿಯೆ ಸಾಗುತ್ತದೆ. ನಿಯಮವನ್ನಷ್ಟೇ ಹೇಳಿ ಮುಗಿಸದೆ, ಪ್ರತಿಕ್ರಿಯಾ ಭಾಗಲಬ್ಧವನ್ನು (ಆ ಕ್ಷಣದಲ್ಲಿರುವ ಉತ್ಪನ್ನ ಮತ್ತು ಪ್ರತಿಕಾರಕಗಳ ಅನುಪಾತ) ಸಮತೋಲನ ಸ್ಥಿರಾಂಕದ (ಸಮತೋಲನದಲ್ಲಿ ಅದೇ ಅನುಪಾತದ ಬೆಲೆ) ಜೊತೆ ಹೋಲಿಸಿ ಈ ಎರಡು ಸಂದರ್ಭಗಳನ್ನು ಬೇರ್ಪಡಿಸಿ ತೋರಿಸುವ ಪುಸ್ತಕ ಉಳಿದ ಅಧ್ಯಾಯಗಳಲ್ಲೂ ನಿಮ್ಮ ಕೈಬಿಡಲಾರದು.

ಗಣಿತದ ವಿಷಯಕ್ಕೆ ಬಂದರೆ, ಮೊದಲ ವರ್ಷಕ್ಕೆ ಅನುಪಾತ, ಹತ್ತರ ಘಾತಗಳು, ಲಾಗರಿದಮ್ ಮತ್ತು ವರ್ಗ ಸಮೀಕರಣಗಳಿಗಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಪ್ರತಿ ಲೀಟರಿಗೆ 0.1 ಮೋಲ್ ಇರುವ ಅಸಿಟಿಕ್ ಆಮ್ಲದ ಪಿಎಚ್ 2.87 ಎಂದು ನೀವೇ ಲೆಕ್ಕ ಹಾಕಿ, ಅದು ಏಕೆ 1 ಅಲ್ಲ ಎಂದು ಇನ್ನೊಬ್ಬರಿಗೆ ವಿವರಿಸಬಲ್ಲಿರಾದರೆ ಗಣಿತವೂ ರಸಾಯನಶಾಸ್ತ್ರವೂ ಸಾಕಷ್ಟು ಬಂದಿವೆಯೆಂದೇ ಅರ್ಥ. ಕಲನಶಾಸ್ತ್ರ ಬೇಕಾಗುವುದು ಭೌತ ರಸಾಯನಶಾಸ್ತ್ರಕ್ಕೆ, ಅದು ಆಮೇಲಿನ ಮಾತು. ಸಮಸ್ಯೆಗಳನ್ನು ಬಿಡಿಸುವಾಗ ಒಂದು ಕಟ್ಟುನಿಟ್ಟು ಇರಲಿ: ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಉದಾಹರಣೆಗಳನ್ನು ಸುಮ್ಮನೆ ಓದಿಕೊಂಡು ಹೋಗದೆ, ಉತ್ತರದ ಭಾಗವನ್ನು ಹಾಳೆಯಿಂದ ಮುಚ್ಚಿ, ಮೊದಲು ನೀವೇ ಪ್ರಯತ್ನಿಸಿ. ಓದುವಾಗ ಎಲ್ಲ ಉದಾಹರಣೆಗಳೂ ಸುಲಭವೆಂದೇ ಅನ್ನಿಸುತ್ತವೆ.

ಹಳೆಯ ಆವೃತ್ತಿಗಳು ಧಾರಾಳವಾಗಿ ನಡೆಯುತ್ತವೆ. ಮೋಲ್ ಲೆಕ್ಕವಾಗಲಿ, ಆಮ್ಲ–ಪ್ರತ್ಯಾಮ್ಲಗಳ ಸಮತೋಲನವಾಗಲಿ ಇಪ್ಪತ್ತು ವರ್ಷಗಳಲ್ಲಿ ಬದಲಾಗಿಲ್ಲ. ಆದರೆ ಹಳೆಯ ಪುಸ್ತಕವೊಂದನ್ನೂ ಹೊಸದೊಂದನ್ನೂ ಒಟ್ಟಿಗೆ ಓದುವವರನ್ನು ಗೊಂದಲಕ್ಕೆ ದೂಡುವ ಕೆಲವು ಜಾಗಗಳಿವೆ. 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಕಣಗಳು ಎಂದು ಹಳೆಯ ಪುಸ್ತಕಗಳು ಮೋಲ್ ಅನ್ನು ವ್ಯಾಖ್ಯಾನಿಸುತ್ತವೆ. 2019ರ ಮೇ 20ರಿಂದ ಅದು ಕರಾರುವಾಕ್ಕಾಗಿ 6.02214076 × 10ರ 23ನೆಯ ಘಾತದಷ್ಟು ಕಣಗಳು. ಅನಿಲದ ಮೋಲಾರ್ ಗಾತ್ರ ಒಂದು ಪುಸ್ತಕದಲ್ಲಿ 22.4 ಲೀಟರ್, ಇನ್ನೊಂದರಲ್ಲಿ 22.7 ಲೀಟರ್ ಎಂದಿದ್ದರೆ ಎರಡೂ ಸರಿಯೇ. ತಾಪ ಎರಡರಲ್ಲೂ ಸೊನ್ನೆ ಡಿಗ್ರಿ ಸೆಲ್ಸಿಯಸ್, ಆದರೆ ಮೊದಲನೆಯದು 1 ಅಟ್ಮಾಸ್ಫಿಯರ್ ಒತ್ತಡಕ್ಕೆ, ಎರಡನೆಯದು 1982ರಲ್ಲಿ ಶಿಫಾರಸಾದ 1 ಬಾರ್ ಒತ್ತಡಕ್ಕೆ ಸಂಬಂಧಿಸಿದ್ದು. ಉಷ್ಣಗತಿಶಾಸ್ತ್ರದಲ್ಲಿ ವ್ಯವಸ್ಥೆಯು (ನಾವು ಗಮನಿಸುತ್ತಿರುವ ವಸ್ತು) ಮಾಡಿದ ಕೆಲಸಕ್ಕೆ ಧನ ಚಿಹ್ನೆ ಹಾಕುವ ಪುಸ್ತಕಗಳಿವೆ, ವ್ಯವಸ್ಥೆಯ ಮೇಲೆ ಮಾಡಿದ ಕೆಲಸಕ್ಕೆ ಧನ ಚಿಹ್ನೆ ಹಾಕುವವೂ ಇವೆ. ಸೂತ್ರವನ್ನು ಎತ್ತಿಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳದಿದ್ದರೆ ಉತ್ತರದ ಚಿಹ್ನೆ ತಲೆಕೆಳಗಾಗುತ್ತದೆ. 2016ರ ನವೆಂಬರ್‌ಗಿಂತ ಹಿಂದಿನ ಆವರ್ತ ಕೋಷ್ಟಕಗಳಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನೆಸೀನ್, ಒಗನೆಸಾನ್ ಹೆಸರುಗಳಿರುವುದಿಲ್ಲ, ಕಲಿಕೆಗೆ ಅದರಿಂದ ಯಾವ ತೊಂದರೆಯೂ ಇಲ್ಲ. ನಿಜವಾಗಿ ಎಚ್ಚರ ಬೇಕಾದುದು ಬಂಧಗಳ ವಿವರಣೆಯಲ್ಲಿ. ಸಲ್ಫರ್ ಹೆಕ್ಸಾಫ್ಲೋರೈಡ್‌ನಂಥ ಅಣುಗಳಲ್ಲಿ ಗಂಧಕದ ಡಿ ಕಕ್ಷಕಗಳು (ಎಲೆಕ್ಟ್ರಾನ್‌ಗಳು ಇರಬಹುದಾದ ಒಂದು ಬಗೆಯ ಜಾಗಗಳು) ಸಂಕರಣದಲ್ಲಿ, ಅಂದರೆ ಬಂಧಕ್ಕಾಗಿ ಕಕ್ಷಕಗಳು ಬೆರೆಯುವುದರಲ್ಲಿ, ಪಾಲ್ಗೊಳ್ಳುತ್ತವೆ ಎಂದು ಹಳೆಯ ಪುಸ್ತಕಗಳು ನಿಸ್ಸಂದೇಹವಾಗಿ ಬರೆಯುತ್ತವೆ, ಆದರೆ ಅವುಗಳ ಪಾತ್ರ ತೀರಾ ಅಲ್ಪವೆಂದು ನಂತರದ ಗಣನೆಗಳು ತೋರಿಸಿವೆ. ಹಳೆಯ ಪ್ರಯೋಗ ಪುಸ್ತಕಗಳ ವಿಷಯ ಮಾತ್ರ ಬೇರೆ. ಬೆಂಜೀನ್, ಕಾರ್ಬನ್ ಟೆಟ್ರಾಕ್ಲೋರೈಡ್‌ಗಳನ್ನು ನೀರಿನಷ್ಟೇ ಸಲೀಸಾಗಿ ಬಳಸಲು ಹೇಳುವ ಪುಟಗಳನ್ನು ನಾನೇ ಓದಿದ್ದೇನೆ. ಮೊದಲನೆಯದು ಕ್ಯಾನ್ಸರ್‌ಕಾರಕ, ಎರಡನೆಯದು ಯಕೃತ್ತಿಗೆ ಹಾನಿಕರ. ಅಂಥ ಪುಸ್ತಕಗಳನ್ನು ಇತಿಹಾಸವೆಂದು ಓದಬಹುದೇ ಹೊರತು ಅದರಂತೆ ಮಾಡಬಾರದು.

ಸಾಮಾನ್ಯ ಪಠ್ಯದ ಮುಕ್ಕಾಲು ಭಾಗ ಮುಗಿದ ಮೇಲೆ ಸಾವಯವ ರಸಾಯನಶಾಸ್ತ್ರಕ್ಕೆ ಕಾಲಿಡಿ. ಅತಿ ಹೆಚ್ಚು ಬಾಯಿಪಾಠಕ್ಕೆ ಗುರಿಯಾಗಿರುವ, ಆದರೆ ಬಾಯಿಪಾಠ ಅತಿ ಕಡಿಮೆ ಬೇಕಾಗುವ ಶಾಖೆ ಇದೆಂಬುದು ನನ್ನ ದೃಢ ಅಭಿಪ್ರಾಯ. ಕ್ಲೇಡನ್, ಗ್ರೀವ್ಸ್ ಮತ್ತು ವಾರನ್ ಅವರ ‘ಆರ್ಗ್ಯಾನಿಕ್ ಕೆಮಿಸ್ಟ್ರಿ’ (ಎರಡನೆಯ ಆವೃತ್ತಿ, 2012) ಈ ಕಾರಣಕ್ಕಾಗಿಯೇ ನನ್ನ ಮೊದಲ ಆಯ್ಕೆ. ಆಲ್ಕೇನ್, ಆಲ್ಕೀನ್, ಆಲ್ಕೈನ್ ಎಂದು ಸಂಯುಕ್ತಗಳ ಪಟ್ಟಿ ಹಿಡಿದು ಸಾಗದೆ, ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯ ಸುತ್ತ ಅದು ಕಟ್ಟಿಕೊಂಡಿದೆ. ಕಾರ್ಬೊನಿಲ್ ಗುಂಪಿನಲ್ಲಿ (ಜೋಡಿಬಂಧದಿಂದ ಕೂಡಿದ ಕಾರ್ಬನ್ ಮತ್ತು ಆಕ್ಸಿಜನ್) ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಂಡಿರುವುದರಿಂದ ಕಾರ್ಬನ್ನಿನ ಮೇಲೆ ಅಲ್ಪ ಧನಾವೇಶವಿರುತ್ತದೆ. ಎಲೆಕ್ಟ್ರಾನ್ ಜೋಡಿಯನ್ನು ನೀಡಬಲ್ಲ ನ್ಯೂಕ್ಲಿಯೊಫೈಲ್ ಒಂದು ಆ ಕಾರ್ಬನ್ನಿಗೆ ಬಂದು ಸೇರುತ್ತದೆ, ಆಗ ಜೋಡಿಬಂಧದ ಒಂದು ಜೋಡಿ ಎಲೆಕ್ಟ್ರಾನ್‌ಗಳು ಆಕ್ಸಿಜನ್ನಿಗೆ ಸರಿಯುತ್ತವೆ. ಇದನ್ನು ಬರೆಯಲು ಎರಡು ಬಾಗಿದ ಬಾಣಗಳು ಸಾಕು. ಒಂದು ನ್ಯೂಕ್ಲಿಯೊಫೈಲ್‌ನ ಎಲೆಕ್ಟ್ರಾನ್ ಜೋಡಿಯಿಂದ ಹೊರಟು ಕಾರ್ಬನ್ನಿಗೆ ಮುಟ್ಟುತ್ತದೆ, ಇನ್ನೊಂದು ಜೋಡಿಬಂಧದಿಂದ ಹೊರಟು ಆಕ್ಸಿಜನ್ನಿಗೆ ಮುಟ್ಟುತ್ತದೆ. ಆರಂಭದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಹೈಡ್ರೋಜನ್ ಅಯಾನಿನಿಂದ ಬಾಣ ಹೊರಡಿಸುವುದು. ಅದರ ಬಳಿ ಒಂದು ಎಲೆಕ್ಟ್ರಾನ್ ಕೂಡ ಇಲ್ಲದಿರುವಾಗ ಬಾಣ ಏನನ್ನು ಹೊತ್ತುಕೊಂಡು ಹೊರಟೀತು? ಬಾಣದ ಬಾಲ ಎಲೆಕ್ಟ್ರಾನ್‌ಗಳಿರುವಲ್ಲೇ ಇರಬೇಕೆಂಬ ಈ ಒಂದು ಶಿಸ್ತು ಮೈಗೂಡಿದರೆ ನೂರಾರು ಕ್ರಿಯೆಗಳು ಹತ್ತಾರು ಬಗೆಗಳಿಗೆ ಇಳಿಯುತ್ತವೆ.

ಕ್ಲೇಡನ್ ಒಂದು ಸಾವಿರಕ್ಕೂ ಹೆಚ್ಚು ಪುಟಗಳ ಪುಸ್ತಕ, ಅದರ ಗಾತ್ರ ನೋಡಿಯೇ ಹಿಂಜರಿಯುವವರಿಗೆ ಮ್ಯಾಕ್‌ಮರಿ ಅವರ ‘ಆರ್ಗ್ಯಾನಿಕ್ ಕೆಮಿಸ್ಟ್ರಿ’ ಇದೆ. ಕ್ರಿಯಾಗುಂಪುಗಳ ಕ್ರಮದಲ್ಲಿ ಸಾಗುವ, ವಾಕ್ಯಗಳು ಬಹಳ ತಿಳಿಯಾಗಿರುವ ಪುಸ್ತಕ ಅದು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಿಂದ ತೀರಿಕೊಂಡ ಮಗನ ನೆನಪಿಗಾಗಿ ಲೇಖಕರು ಅದರ ಹತ್ತನೆಯ ಆವೃತ್ತಿಯನ್ನು 2023ರಲ್ಲಿ ಓಪನ್‌ಸ್ಟ್ಯಾಕ್ಸ್ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಬಾಣ ಬರೆಯುವ ಅಭ್ಯಾಸ ಮಾತ್ರ ಬೇಕೆನ್ನುವವರಿಗೆ ಡೇವಿಡ್ ಕ್ಲೈನ್ ಅವರ ‘ಆರ್ಗ್ಯಾನಿಕ್ ಕೆಮಿಸ್ಟ್ರಿ ಆಸ್ ಎ ಸೆಕೆಂಡ್ ಲ್ಯಾಂಗ್ವೇಜ್’ ಒಳ್ಳೆಯ ವ್ಯಾಯಾಮಶಾಲೆ. ಪೀಟರ್ ಸೈಕ್ಸ್ ಅವರ ಕ್ರಿಯಾವಿಧಾನಗಳ ಕೈಪಿಡಿ ಚಿಕ್ಕದಾದರೂ ಸಾಂದ್ರ, ಒಂದು ಸುತ್ತು ಮುಗಿಸಿದವರಿಗೇ ಅದರ ರುಚಿ ಹತ್ತುವುದು. ಯಾವ ಪುಸ್ತಕವನ್ನು ಹಿಡಿದರೂ ಅಣುಗಳ ಮಾದರಿ ಕಟ್ಟುವ ಕಡ್ಡಿ–ಉಂಡೆಗಳ ಸಣ್ಣ ಪೆಟ್ಟಿಗೆಯೊಂದನ್ನು ಜೊತೆಗಿಟ್ಟುಕೊಳ್ಳಿ. ಒಂದು ಕಾರ್ಬನ್ನಿಗೆ ನಾಲ್ಕು ಬೇರೆ ಬೇರೆ ಬಣ್ಣದ ಉಂಡೆಗಳನ್ನು ಸಿಕ್ಕಿಸಿ, ಅದರ ಕನ್ನಡಿಬಿಂಬವನ್ನೂ ಕಟ್ಟಿ, ಎರಡನ್ನೂ ಒಂದರ ಮೇಲೊಂದು ಕೂರಿಸಲು ಯತ್ನಿಸಿ ಸೋತಾಗ ಆಗುವ ಅರಿವು ಹಾಳೆಯ ಮೇಲಿನ ಚಿತ್ರದಿಂದ ಆಗುವುದಿಲ್ಲ.

ನಿರವಯವ ರಸಾಯನಶಾಸ್ತ್ರಕ್ಕೆ ಹೌಸ್‌ಕ್ರಾಫ್ಟ್ ಮತ್ತು ಶಾರ್ಪ್ ಅವರ ಪುಸ್ತಕ ಸಾಕು. ಗ್ರೀನ್‌ವುಡ್ ಮತ್ತು ಅರ್ನ್‌ಶಾ ಅವರ ‘ಕೆಮಿಸ್ಟ್ರಿ ಆಫ್ ದಿ ಎಲಿಮೆಂಟ್ಸ್’ 1,300ಕ್ಕೂ ಹೆಚ್ಚು ಪುಟಗಳ ಭಂಡಾರ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೊರಡುವುದು ನಿಘಂಟನ್ನು ಓದಲು ಹೊರಟಂತೆ. ರಂಜಕದ ಬಗ್ಗೆ ಪ್ರಶ್ನೆ ಹುಟ್ಟಿದ ದಿನ ರಂಜಕದ ಅಧ್ಯಾಯ ತೆರೆದರಾಯಿತು. ವಿಶ್ಲೇಷಣಾ ರಸಾಯನಶಾಸ್ತ್ರದ ಪುಸ್ತಕಗಳನ್ನು ಪ್ರಯೋಗಾಲಯ ಸಿಗುವವರೆಗೆ ಬದಿಗಿಡಿ.

ಆವರ್ತ ಕೋಷ್ಟಕದ ಬಗ್ಗೆ ನೀವು ಓದಿರುವ ಜನಪ್ರಿಯ ಪುಸ್ತಕಗಳ ಜೊತೆಗೆ ಎರಿಕ್ ಸ್ಕೆರಿ ಅವರ ‘ದಿ ಪೀರಿಯಾಡಿಕ್ ಟೇಬಲ್: ಇಟ್ಸ್ ಸ್ಟೋರಿ ಅಂಡ್ ಇಟ್ಸ್ ಸಿಗ್ನಿಫಿಕೆನ್ಸ್’ ಸೇರಿಸಿಕೊಳ್ಳಿ. ಕಥೆಗಳಲ್ಲಿ ನಿಲ್ಲದೆ, ಕೋಷ್ಟಕ ಏಕೆ ಹಾಗಿದೆ ಎಂಬ ವಾದವನ್ನು ಅದು ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತದೆ. ಮೆಂಡಲೀವ್ 1869ರಲ್ಲಿ ಕೋಷ್ಟಕಕ್ಕೆ ತಲುಪಿದ್ದು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕವೊಂದನ್ನು ಬರೆಯುತ್ತಿದ್ದಾಗ. ಮೊದಲ ಸಂಪುಟದಲ್ಲಿ ಬೆರಳೆಣಿಕೆಯ ಧಾತುಗಳಷ್ಟೇ ಮುಗಿದು, ಉಳಿದವುಗಳನ್ನು ಯಾವ ಕ್ರಮದಲ್ಲಿ ಹೇಳುವುದೆಂಬ ಪಾಠದ ಸಮಸ್ಯೆಯೇ ಅವರನ್ನು ಅಲ್ಲಿಗೆ ಒಯ್ದಿತು. ಪಠ್ಯಪುಸ್ತಕಗಳನ್ನು ಕೀಳಾಗಿ ಕಾಣುವವರಿಗೆ ನಾನು ಈ ಮಾತನ್ನು ನೆನಪಿಸುವುದುಂಟು. ರಾತ್ರಿ ಮಲಗುವ ಮುನ್ನ ಓದಲು ಪ್ರೀಮೊ ಲೇವಿಯವರ ‘ದಿ ಪೀರಿಯಾಡಿಕ್ ಟೇಬಲ್’ (1975) ಇರಲಿ. 21 ಅಧ್ಯಾಯಗಳಿಗೂ ಧಾತುಗಳದೇ ಹೆಸರು, ಆರ್ಗಾನ್‌ನಿಂದ ಆರಂಭವಾಗಿ ಕಾರ್ಬನ್ನಿನಲ್ಲಿ ಮುಗಿಯುವ ಆ ಪುಸ್ತಕ ರಸಾಯನಶಾಸ್ತ್ರವನ್ನು ಕಲಿಸುವುದಿಲ್ಲ, ರಸಾಯನಶಾಸ್ತ್ರಜ್ಞನ ಬದುಕನ್ನು ತೋರಿಸುತ್ತದೆ. ಆಲಿವರ್ ಸ್ಯಾಕ್ಸ್ ಅವರ ‘ಅಂಕಲ್ ಟಂಗ್‌ಸ್ಟನ್’ (2001) ಬಾಲ್ಯದಲ್ಲಿ ಲೋಹಗಳ ಮೋಹಕ್ಕೆ ಬಿದ್ದ ಹುಡುಗನ ಆತ್ಮಕಥನ, ಅದನ್ನೂ ಬಿಡಬೇಡಿ.

ಕೊನೆಗೆ, ಕಪಾಟಿನಲ್ಲಿ ಉಳಿದಿರುವ ನಿಮ್ಮ ‘ಫಿಸಿಕಲ್ ಕೆಮಿಸ್ಟ್ರಿ’. ಅದನ್ನು ಮಾರಬೇಡಿ. ಸಾಮಾನ್ಯ ಪಠ್ಯದ ಉಷ್ಣಗತಿಶಾಸ್ತ್ರದ ಅಧ್ಯಾಯ (ಓಪನ್‌ಸ್ಟ್ಯಾಕ್ಸ್‌ನಲ್ಲಿ ಅದು 16ನೆಯದು) ಮುಗಿದ ಮೇಲೆ, ಅಟ್ಕಿನ್ಸ್ ಅವರೇ ಬರೆದ ‘ಫೋರ್ ಲಾಸ್ ದಟ್ ಡ್ರೈವ್ ದಿ ಯೂನಿವರ್ಸ್’ (2007) ಎಂಬ ಚಿಕ್ಕ ಪುಸ್ತಕವನ್ನು ಓದಿ. ಎಂಟ್ರೊಪಿಯೆಂದರೆ ಏನೆಂಬುದನ್ನು ಅಲ್ಲಿ ಅವರು ಬಹುಮಟ್ಟಿಗೆ ಗಣಿತವಿಲ್ಲದೆಯೇ ವಿವರಿಸಿದ್ದಾರೆ. ಅದರ ಜೊತೆಯಲ್ಲೇ ಅವಕಲನ, ಅನುಕಲನ ಮತ್ತು ಆಂಶಿಕ ಅವಕಲನಗಳನ್ನು ಯಾವುದಾದರೂ ಸರಳ ಗಣಿತ ಪುಸ್ತಕದಿಂದ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ದೊಡ್ಡ ಪುಸ್ತಕಕ್ಕೆ ಮರಳಿ, ಆದರೆ ನೀವು ನಿಂತ ಎಂಟ್ರೊಪಿಯ ಅಧ್ಯಾಯಕ್ಕೆ ನೇರವಾಗಿ ಹೋಗಬೇಡಿ. ಅದರ ಹಿಂದಿನ, ಉಷ್ಣಗತಿಶಾಸ್ತ್ರದ ಮೊದಲ ನಿಯಮದ (ಶಕ್ತಿ ಸಂರಕ್ಷಣೆಯ) ಅಧ್ಯಾಯದ ಕೊನೆಯಲ್ಲಿರುವ ಸಮಸ್ಯೆಗಳಲ್ಲಿ ಹತ್ತನ್ನು ಆರಿಸಿ ಬಿಡಿಸಿ. ಏಳಾದರೂ ಸರಿಬಂದರೆ ಮುಂದಿನ ಪುಟ ತಿರುವಿ. ಬಾರದಿದ್ದರೆ ಮತ್ತೊಂದು ಪುಸ್ತಕ ಕೊಳ್ಳುವ ಬದಲು, ಬಾರದ ಸಮಸ್ಯೆಯ ಮಗ್ಗುಲಲ್ಲಿ ಯಾವ ಹೆಜ್ಜೆಯಲ್ಲಿ ಕೈ ನಿಂತಿತೆಂದು ಗುರುತು ಹಾಕಿಕೊಂಡು, ಸಾಮಾನ್ಯ ಪಠ್ಯದಲ್ಲಿ ಆ ಹೆಜ್ಜೆಯನ್ನು ವಿವರಿಸುವ ಭಾಗವನ್ನು ಮತ್ತೆ ಓದಿ.